ಮೊದಲು ಫಂಕ್ಷನ್, ಆಮೇಲೆ ಆಬ್ಜೆಕ್ಟ್

ವಿಟಿಯುವಿನ 2022ರ ಸ್ಕೀಮ್‌ನ ಜಾವಾ ಲ್ಯಾಬ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಇದೆ. ಎಂಪ್ಲಾಯೀ ಎಂಬ ಕ್ಲಾಸ್ ಬರೆಯಬೇಕು. ಅದರಲ್ಲಿ ಐಡಿ, ಹೆಸರು, ಸಂಬಳ ಇರಬೇಕು. ಶೇಕಡಾವಾರು ಕೊಟ್ಟರೆ ಸಂಬಳವನ್ನು ಅಷ್ಟು ಏರಿಸುವ ಮೆಥಡ್ ಒಂದಿರಬೇಕು. ಮೂರನೇ ಸೆಮಿಸ್ಟರ್‌ನ ವಿದ್ಯಾರ್ಥಿಗಳು ಇದನ್ನು ಬರೆಯುತ್ತಾರೆ, ಔಟ್‌ಪುಟ್ ತೋರಿಸುತ್ತಾರೆ, ಲ್ಯಾಬ್ ರೆಕಾರ್ಡ್‌ಗೆ ಸಹಿ ಹಾಕಿಸಿಕೊಳ್ಳುತ್ತಾರೆ.

ನಿಜವಾದ ಪಾಠ ಶುರುವಾಗಬೇಕಾದದ್ದು ಸಹಿ ಬಿದ್ದ ಮೇಲೆ. 30,000 ರೂಪಾಯಿ ಸಂಬಳ ಶೇ 10ರಷ್ಟು ಏರಿ 33,000 ಆಯಿತು. ಹಳೆಯ ಸಂಖ್ಯೆ ಎಲ್ಲಿದೆ? ಅಳಿಸಿಹೋಗಿದೆ. ಕಳೆದ ತಿಂಗಳ ಸಂಬಳ ಎಷ್ಟಿತ್ತು ಎಂದು ಲೆಕ್ಕ ತಪಾಸಣೆಗೆ ಬಂದವರು ಕೇಳಿದರೆ ಈ ಪ್ರೋಗ್ರಾಂನಲ್ಲಿ ಉತ್ತರವಿಲ್ಲ. ಅದೇ ಮೆಥಡ್ ಅನ್ನು ತಪ್ಪಿ ಎರಡು ಸಲ ಕಾಲ್ ಮಾಡಿದರೆ ಸಂಬಳ 36,300 ಆಗಿ ಕೂತಿರುತ್ತದೆ. ಫಂಕ್ಷನಲ್ ರೀತಿಯಲ್ಲಿ ಬರೆದರೆ ಲೆಕ್ಕ ಬೇರೆ. ಫಂಕ್ಷನ್ ನೌಕರನ ಹಳೆಯ ವಿವರವನ್ನು ಓದಿಕೊಂಡು, ಏರಿದ ಸಂಬಳದ ಹೊಸ ವಿವರವನ್ನು ಮರಳಿಸುತ್ತದೆ. ಹಳೆಯದನ್ನು ಮುಟ್ಟುವುದಿಲ್ಲ. ಅದೇ ಹಳೆಯ ವಿವರ ಕೊಟ್ಟು ಎಷ್ಟು ಸಲ ಕಾಲ್ ಮಾಡಿದರೂ ಬರುವುದು 33,000 ಮಾತ್ರ.

ಎರಡೂ ಪದ್ಧತಿಗಳು ಉತ್ತರಿಸಲು ಹೊರಟಿರುವುದು ಒಂದೇ ಪ್ರಶ್ನೆಗೆ: ಮಾಹಿತಿ ಬದಲಾಗುವಾಗ ಪ್ರೋಗ್ರಾಂ ಹದ ತಪ್ಪದಂತೆ ಏನು ಮಾಡಬೇಕು? ಬದಲಾವಣೆಯನ್ನು ಒಂದು ಆಬ್ಜೆಕ್ಟ್‌ನ ಒಳಗೆ ಕಟ್ಟಿಹಾಕಿ ಎನ್ನುತ್ತದೆ ಆಬ್ಜೆಕ್ಟ್ ಓರಿಯೆಂಟೆಡ್ ಪದ್ಧತಿ. ಸಾಧ್ಯವಾದಷ್ಟೂ ಬದಲಾಯಿಸಲೇಬೇಡಿ ಎನ್ನುತ್ತದೆ ಫಂಕ್ಷನಲ್ ಪದ್ಧತಿ. ನಮ್ಮ ಬಹುಪಾಲು ಎಂಜಿನಿಯರಿಂಗ್ ಕಾಲೇಜುಗಳು ಮೊದಲ ಉತ್ತರವನ್ನಷ್ಟೇ ಕಲಿಸುತ್ತಿವೆ, ಅದನ್ನೂ ಪ್ರಶ್ನೆ ಯಾವುದೆಂದು ಹೇಳದೆ. ಹಾಗಾಗಿ ಎನ್‌ಕ್ಯಾಪ್ಸುಲೇಶನ್, ಇನ್‌ಹೆರಿಟೆನ್ಸ್, ಪಾಲಿಮಾರ್ಫಿಸಂ ಎಲ್ಲವೂ ಹತ್ತು ಅಂಕದ ವ್ಯಾಖ್ಯೆಗಳಾಗಿ ಉಳಿದಿವೆ. ಫಂಕ್ಷನಲ್ ಪ್ರೋಗ್ರಾಮಿಂಗ್ ಅನ್ನು ಕಡ್ಡಾಯ ಮಾಡಬೇಕು, ಅದನ್ನೇ ಮೊದಲು ಕಲಿಸಬೇಕು ಎಂಬುದು ನನ್ನ ವಾದ.

ಹೀಗೆ ಮಾಡಿದವರಿದ್ದಾರೆ. ಕೇಂಬ್ರಿಜ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಸೇರಿದವರು ಮೊದಲು ಕಲಿಯುವುದು ಒಕ್ಯಾಮಲ್ ಎಂಬ ಫಂಕ್ಷನಲ್ ಭಾಷೆ. ಜಾವಾ ಆಮೇಲೆ. ಎಡಿನ್‌ಬರಾ ವಿಶ್ವವಿದ್ಯಾಲಯ ಮೊದಲ ವರ್ಷದಲ್ಲಿ ಹ್ಯಾಸ್ಕೆಲ್ ಎಂಬ ಇನ್ನೊಂದು ಫಂಕ್ಷನಲ್ ಭಾಷೆ ಕಲಿಸಿ ನಂತರ ಜಾವಾಕ್ಕೆ ಬರುವ ಕ್ರಮವನ್ನು ಬಹುಕಾಲ ಪಾಲಿಸಿದೆ. ಅಷ್ಟು ದೂರ ಯಾಕೆ, ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಪ್ರೋಗ್ರಾಮಿಂಗ್ ಪಾಠ ಹ್ಯಾಸ್ಕೆಲ್‌ನಿಂದಲೇ ಆರಂಭವಾಗುತ್ತದೆ. ಟೆಕ್ಸಾಸ್ ವಿಶ್ವವಿದ್ಯಾಲಯ ಮೊದಲ ಕೋರ್ಸಿನಲ್ಲಿ ಹ್ಯಾಸ್ಕೆಲ್ ತೆಗೆದು ಜಾವಾ ತರಲು ಹೊರಟಾಗ, ಅಲ್ಲಿ ಪ್ರಾಧ್ಯಾಪಕರಾಗಿ ನಿವೃತ್ತರಾಗಿದ್ದ ಎಡ್ಸ್‌ಗರ್ ಡೈಕ್‌ಸ್ಟ್ರಾ 2001ರಲ್ಲಿ ಅದನ್ನು ವಿರೋಧಿಸಿ ಪತ್ರ ಬರೆದರು. ಕಲಿಯುವ ಸಾಧನವೇ ಕಲಿಯುವವರ ಯೋಚನೆಯನ್ನು ರೂಪಿಸುತ್ತದೆ ಎಂಬುದು ಅವರ ಆತಂಕವಾಗಿತ್ತು.

ಫಂಕ್ಷನಲ್ ಪಾಠವನ್ನು ಮೊದಲು ಕಲಿಸಲು ನಮಗೆ ಬೇರೆಲ್ಲರಿಗಿಂತ ಹತ್ತಿರದ ಒಂದು ಕಾರಣವಿದೆ. ಶಾಲೆಯಲ್ಲೇ ಪೈಥಾನ್ ಕಲಿತು ಬಂದ ಬೆಂಗಳೂರಿನ ಹುಡುಗನೂ, ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಯಲ್ಲಿ ಪಿಸಿಎಂಬಿ ತೆಗೆದುಕೊಂಡ ಯಾದಗಿರಿಯ ಹುಡುಗಿಯೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಸಿ ಅಥವಾ ಜಾವಾದಿಂದ ಶುರು ಮಾಡಿದರೆ ಮೊದಲ ವಾರದಲ್ಲೇ ಅವನು ಮುಂದೆ, ಇವಳು ಹಿಂದೆ. ‘x = x + 1’ ಎಂಬ ಸಾಲು ಅವನಿಗೆ ಹಳೆಯ ಪರಿಚಯ. ಗಣಿತವನ್ನು ಶ್ರದ್ಧೆಯಿಂದ ಓದಿದ ಅವಳಿಗೆ ಆ ಸಮೀಕರಣವೇ ಅಸಂಬದ್ಧ, ಮತ್ತು ಅವಳ ಅನುಮಾನ ಸರಿಯಾದದ್ದೇ. ಫಂಕ್ಷನಲ್ ಭಾಷೆಯಲ್ಲಿ ಅವಳು ಪಿಯುಸಿಯಲ್ಲಿ ಕಲಿತ f(x) ನೇರವಾಗಿ ಕೆಲಸಕ್ಕೆ ಬರುತ್ತದೆ. ಇಬ್ಬರೂ ಒಂದೇ ಗೆರೆಯಿಂದ ಓಟ ಶುರು ಮಾಡುತ್ತಾರೆ. ಹಳ್ಳಿಯಿಂದ ಬಂದವರು ಕೋಡಿಂಗ್‌ನಲ್ಲಿ ದುರ್ಬಲರು ಎಂದು ಸಲೀಸಾಗಿ ಆಡುವ ಮಾತಿಗೆ ಎಷ್ಟೋ ಸಲ ಕಾರಣ ನಾವು ಹಾಕಿಕೊಟ್ಟ ಕ್ರಮ, ಮಕ್ಕಳ ಬುದ್ಧಿಯಲ್ಲ.

ಹಾಗೆಂದು ಆಬ್ಜೆಕ್ಟ್ ಓರಿಯೆಂಟೆಡ್ ಪಾಠ ಬೇಡವೆನ್ನಲು ಆಗದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ 2011ರಲ್ಲಿ ಅದನ್ನು ಆರಂಭಿಕ ಪಠ್ಯದಿಂದ ಪೂರ್ತಿ ಕೈಬಿಟ್ಟಿತು. ಅಲ್ಲಿನ ಪ್ರಾಧ್ಯಾಪಕ ರಾಬರ್ಟ್ ಹಾರ್ಪರ್ ಅದನ್ನು ಬಲವಾಗಿ ಸಮರ್ಥಿಸಿಕೊಂಡರು. ಆ ತುದಿಗೆ ಹೋಗುವುದು ನನಗೆ ಒಪ್ಪಿಗೆಯಿಲ್ಲ. ನಾರ್ವೆಯ ಓಲೆ ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನೈಗಾರ್ಡ್ ಸಿಮ್ಯುಲಾ 67 ಭಾಷೆ ಕಟ್ಟಿದಾಗ ಅವರ ಮುಂದಿದ್ದದ್ದು ಹೊರಜಗತ್ತಿನ ವ್ಯವಸ್ಥೆಗಳನ್ನು ಕಂಪ್ಯೂಟರ್‌ನಲ್ಲಿ ಅನುಕರಿಸುವ ಕೆಲಸ. ಕ್ಷಣಕ್ಷಣಕ್ಕೂ ಸ್ಥಿತಿ ಬದಲಾಗುವ ಸರದಿ ಸಾಲು, ಯಂತ್ರ, ವಾಹನಗಳಿಗೆ ಆಬ್ಜೆಕ್ಟ್ ಸಹಜವಾಗಿ ಒಗ್ಗುತ್ತದೆ.

ಲ್ಯಾಬ್‌ನ ಇನ್ನೊಂದು ಪ್ರೋಗ್ರಾಂ ನೋಡಿದರೆ ಎರಡೂ ಏಕೆ ಬೇಕೆಂದು ತಿಳಿಯುತ್ತದೆ. ಅದು ಶೇಪ್ ಕ್ಲಾಸಿನದು. ಅದರಿಂದ ಹುಟ್ಟಿದ ವೃತ್ತ, ತ್ರಿಕೋನದ ಕ್ಲಾಸ್‌ಗಳಿಗೆ ಕ್ಷೇತ್ರಫಲ, ಸುತ್ತಳತೆ ಲೆಕ್ಕ ಹಾಕುವ ಮೆಥಡ್‌ಗಳಿವೆ. ಇದಕ್ಕೆ ಷಟ್ಕೋನ ಸೇರಿಸುವುದು ಸುಲಭ. ಹೊಸ ಕ್ಲಾಸ್ ಬರೆದರಾಯಿತು, ಹಳೆಯದನ್ನು ಮುಟ್ಟಬೇಕಿಲ್ಲ. ಆದರೆ ‘ಆಕೃತಿಯನ್ನು ದೊಡ್ಡದು ಮಾಡು’ ಎಂಬ ಹೊಸ ಕೆಲಸ ಸೇರಿಸಬೇಕಾದರೆ ಪ್ರತಿ ಕ್ಲಾಸನ್ನೂ ತೆರೆದು ತಿದ್ದಬೇಕು. ಫಂಕ್ಷನಲ್ ಶೈಲಿಯಲ್ಲಿ ಇದು ತಿರುವುಮುರುವು: ಹೊಸ ಕೆಲಸ ಸುಲಭ, ಹೊಸ ಆಕೃತಿ ಕಷ್ಟ. ಫಿಲಿಪ್ ವಾಡ್ಲರ್ 1998ರಲ್ಲಿ ಇದಕ್ಕೆ ‘ಎಕ್ಸ್‌ಪ್ರೆಶನ್ ಪ್ರಾಬ್ಲಂ’ ಎಂದು ಹೆಸರಿಟ್ಟರು. ಹ್ಯಾಸ್ಕೆಲ್ ರೂಪಿಸಿದವರಲ್ಲಿ ಒಬ್ಬರಾದ ಅವರೇ ಜಾವಾದ ಜೆನೆರಿಕ್ಸ್ ವಿನ್ಯಾಸಕ್ಕೂ ಕೈಜೋಡಿಸಿದವರು ಎಂಬುದನ್ನು ನೆನೆಯಬೇಕು. ಎರಡನ್ನೂ ಬಲ್ಲ ವಿದ್ಯಾರ್ಥಿನಿ ಮಾತ್ರ ‘ನನ್ನ ಪ್ರೋಗ್ರಾಂ ಯಾವ ದಿಕ್ಕಿಗೆ ಬೆಳೆಯಲಿದೆ’ ಎಂದು ಕೇಳಿಕೊಂಡು ಆಯ್ಕೆ ಮಾಡಬಲ್ಲಳು. ಒಂದನ್ನೇ ಬಲ್ಲವಳಿಗೆ ಆಯ್ಕೆಯೇ ಇಲ್ಲ.

ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಜಾವಾ ಕೇಳುತ್ತಾರೆ, ಹ್ಯಾಸ್ಕೆಲ್ ಯಾರಿಗೆ ಬೇಕು ಎಂಬ ಆಕ್ಷೇಪ ಬರುತ್ತದೆ. ಕೆಲಸದ ಚಿಂತೆ ನಿಜವಾದದ್ದು, ತಳ್ಳಿಹಾಕುವಂಥದ್ದಲ್ಲ. ಆದರೆ ಜಾವಾವೇ ಬದಲಾಗಿದೆ. 2014ರ ಜಾವಾ 8 ಲ್ಯಾಂಬ್ಡಾ ಮತ್ತು ಸ್ಟ್ರೀಮ್ ಎಂಬ ಫಂಕ್ಷನಲ್ ಸಾಧನಗಳನ್ನು ತಂದಿತು. 2021ರ ಜಾವಾ 16ರಲ್ಲಿ, ಒಮ್ಮೆ ತುಂಬಿದ ಫೀಲ್ಡ್‌ಗಳಿಗೆ ಬೇರೆ ಬೆಲೆ ಕೊಡಲಾಗದ ‘ರೆಕಾರ್ಡ್’ ಬಂದು ಸೇರಿತು. ಭಾರೀ ದತ್ತಾಂಶವನ್ನು ಸಂಸ್ಕರಿಸಲು ಗೂಗಲ್ 2004ರಲ್ಲಿ ಪ್ರಕಟಿಸಿದ ಮ್ಯಾಪ್‌ರೆಡ್ಯೂಸ್ ವಿಧಾನಕ್ಕೆ ಪ್ರೇರಣೆ ಲಿಸ್ಪ್‌ನಂಥ ಫಂಕ್ಷನಲ್ ಭಾಷೆಗಳು. ನಾವು ದಿನವೂ ಬಳಸುವ ವಾಟ್ಸ್‌ಆ್ಯಪ್‌ನ ಸರ್ವರ್‌ಗಳು ಕಟ್ಟಲ್ಪಟ್ಟದ್ದು ಎರ್ಲಾಂಗ್‌ನಲ್ಲಿ, ಅದೂ ಫಂಕ್ಷನಲ್ ಭಾಷೆಯೇ. ಇಂದಿನ ಜಾವಾ ಕೋಡನ್ನು ಸಲೀಸಾಗಿ ಓದಲಿಕ್ಕೂ ಈ ಪಾಠ ಬೇಕು.

ಕಲಿಸುವವರ ಕೊರತೆ ಇದಕ್ಕಿಂತ ದೊಡ್ಡ ತೊಡಕು. ಮೇಷ್ಟ್ರುಗಳೇ ಕಲಿಯದ್ದನ್ನು ಕಲಿಸಿ ಎಂದು ಸುತ್ತೋಲೆ ಹೊರಡಿಸಿದರೆ ಅದು ಇನ್ನೊಂದು ಗೈಡ್ ಪುಸ್ತಕಕ್ಕೆ ದಾರಿಯಷ್ಟೇ. ಚೆನ್ನೈನ ಅದೇ ಇನ್‌ಸ್ಟಿಟ್ಯೂಟ್‌ನ ಮಾಧವನ್ ಮುಕುಂದ್ ಮತ್ತು ಎಸ್.ಪಿ. ಸುರೇಶ್ ಕಲಿಸಿದ ಹ್ಯಾಸ್ಕೆಲ್ ಕೋರ್ಸ್ ಎನ್‌ಪಿಟೆಲ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅಧ್ಯಾಪಕರ ತರಬೇತಿಯನ್ನು ಅಲ್ಲಿಂದಲೇ ಶುರು ಮಾಡಬಹುದು. ಹೊಸ ಭಾಷೆ ಭಾರವೆನಿಸಿದ ಕಾಲೇಜು ಪೈಥಾನ್‌ನಲ್ಲೇ, ವೇರಿಯೇಬಲ್‌ನ ಬೆಲೆಯನ್ನು ಒಮ್ಮೆಯೂ ಬದಲಾಯಿಸದೆ ಒಂದು ತಿಂಗಳು ಲ್ಯಾಬ್ ನಡೆಸಿ ನೋಡಲಿ.

ಪಠ್ಯಕ್ರಮ ಪರಿಷ್ಕರಿಸಲು ಮುಂದಿನ ಸಲ ಸೇರುವ ಅಧ್ಯಯನ ಮಂಡಳಿ ಮೊದಲ ವರ್ಷಕ್ಕೆ ಒಂದು ಕಡ್ಡಾಯ ಫಂಕ್ಷನಲ್ ಕೋರ್ಸ್ ತರಲಿ, ಮೂರನೇ ಸೆಮಿಸ್ಟರ್‌ನ ಆಬ್ಜೆಕ್ಟ್ ಪಾಠವನ್ನು ಅದರ ಮೇಲೆ ಕಟ್ಟಲಿ. ಪ್ರಶ್ನೆಪತ್ರಿಕೆಯಲ್ಲೂ ವ್ಯಾಖ್ಯೆ ಕೇಳುವುದನ್ನು ಬಿಟ್ಟು, ಒಂದೇ ಸಮಸ್ಯೆಯನ್ನು ಎರಡೂ ರೀತಿಯಲ್ಲಿ ಬರೆಸಿ, ಯಾವುದು ಏಕೆ ಮೇಲು ಎಂದು ಕೇಳಲಿ.