ಪಡಸಾಲೆಯ ಕಡಲುಗಳ್ಳರು

ಕಳೆದ ಭಾನುವಾರ ಮಗನಿಗೆ ಐದು ತುಂಬಿತು. ಪಡಸಾಲೆಯೇ ಹಡಗು, ಬಂದ ಮಕ್ಕಳೆಲ್ಲ ಒಂದು ಕಣ್ಣಿಗೆ ಕರಿಬಟ್ಟೆ ಕಟ್ಟಿಕೊಂಡು ಕಡಲುಗಳ್ಳರಾದರು. ಕಳ್ಳತನವೂ ಒಂದು ಹಬ್ಬವೇ ಎಂದು ನೆರೆಯ ಹಿರಿಯರೊಬ್ಬರು ಮುಖ ಸಿಂಡರಿಸಿದರು. ಬೆಣ್ಣೆಗಳ್ಳನ ಹುಟ್ಟುಹಬ್ಬವನ್ನು ವರ್ಷವರ್ಷವೂ ಆಚರಿಸುವ ನಮಗೆ ಆ ಅಳುಕು ಸಲ್ಲದು. ನನ್ನ ಕೊರಗೇ ಬೇರೆ. ಗುರುತಿಟ್ಟ ನಿಧಿಯ ನಕ್ಷೆ, ಹೆಗಲ ಮೇಲಣ ಗಿಳಿ, ಎಲ್ಲವೂ 1883ರಲ್ಲಿ ಪುಸ್ತಕವಾಗಿ ಬಂದ ಸ್ಟೀವನ್‌ಸನ್ನನ ‘ಟ್ರೆಷರ್ ಐಲೆಂಡ್’ನಿಂದ ತಂದ ಎರವಲು. ನಮ್ಮ ಕರಾವಳಿಗೇನು ಕಡಲುಗಳ್ಳರ ಬರವೇ? ಪೋರ್ಚುಗೀಸರು ತಿಮೋಜನೆಂದು ಕರೆದ ಹೊನ್ನಾವರದವನು 1510ರಲ್ಲಿ ಗೋವೆಯನ್ನು ಗೆಲ್ಲಲು ಅವರಿಗೆ ನೆರವಾದ; ಅವನ ಕಥೆಯೂ ಮಕ್ಕಳ ಆಟಕ್ಕೆ ಇಳಿಯಬೇಕು. ಅಂದು ರಾತ್ರಿ ಅದನ್ನೇ ಹೇಳಿದೆ. “ಅಪ್ಪಾ, ಅವನು ಒಳ್ಳೆಯವನೋ, ಕೆಟ್ಟವನೋ?” ಎಂದ ಮಗ. ಉತ್ತರ ನನಗಿನ್ನೂ ಹೊಳೆದಿಲ್ಲ.