ಸಹಲೇಖನ ಮತ್ತು ಸಂಗಾತಿಯ ಆಯ್ಕೆ

ಇಬ್ಬರು ಲೇಖಕರು ಕೂಡಿ ಒಂದೇ ಕಥೆಯನ್ನೋ ಕಾದಂಬರಿಯನ್ನೋ ರಚಿಸುವುದನ್ನು ಸಹಲೇಖನವೆನ್ನಬಹುದು. ಒಬ್ಬರು ನಿಲ್ಲಿಸಿದ ಕೃತಿಯನ್ನು ಮುಂದಿನವರು ಪೂರೈಸುವುದು ಇದಕ್ಕಿಂತ ಭಿನ್ನ. ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ತಿಮ್ಮಣ್ಣಕವಿ ಮುಂದುವರಿಸಿದಾಗ, ಪೂರ್ವಕವಿಯೊಡನೆ ವಾದಿಸುವ ಅವಕಾಶ ಅವನಿಗಿರಲಿಲ್ಲ. ಸಹಲೇಖನದ ಜೀವಾಳವಿರುವುದು ಆ ವಾದದಲ್ಲಿಯೇ. ಆದರೂ ಜೊತೆಗೊಬ್ಬರನ್ನು ಅರಸುವ ಹೊಸ ಲೇಖಕರು ಸಾಮಾನ್ಯವಾಗಿ ತಮ್ಮಂತೆಯೇ ಓದಿದ, ತಮ್ಮಂತೆಯೇ ಬರೆಯುವ ಆತ್ಮೀಯರ ಕಡೆಗೆ ತಿರುಗುತ್ತಾರೆ. ಅಭಿರುಚಿಯ ಸಾಮ್ಯ ಸಹಲೇಖನಕ್ಕೆ ಸಾಕಾಗುವುದೇ ಎಂಬುದು ಇಲ್ಲಿನ ಪ್ರಶ್ನೆ.

ಅಮೆರಿಕದ ಫ್ರೆಡರಿಕ್ ಡಾನೇ ಮತ್ತು ಮ್ಯಾನ್‌ಫ್ರೆಡ್ ಲೀ ಸೋದರಸಂಬಂಧಿಗಳು. 1929ರಿಂದ ಎಲರಿ ಕ್ವೀನ್ ಎಂಬ ಒಂದೇ ಹೆಸರಿನಲ್ಲಿ ಪತ್ತೇದಾರಿ ಕಾದಂಬರಿಗಳನ್ನು ಪ್ರಕಟಿಸಿದರು. ಘಟನೆಗಳ ಹೆಣಿಗೆ, ಸುಳಿವುಗಳ ಜೋಡಣೆ ಡಾನೇಯವರ ಕೆಲಸವಾದರೆ, ಆ ವಿವರವಾದ ಕಥಾಚೌಕಟ್ಟಿಗೆ ಮಾತು, ಪಾತ್ರ, ಪರಿಸರಗಳನ್ನು ತುಂಬುವುದು ಲೀಯವರ ಕೆಲಸವಾಗಿತ್ತು. ಇವರ ನಡುವೆ ತೀವ್ರ ಜಗಳಗಳು ನಡೆದೇ ಇದ್ದವು. ಆದರೆ ಒಬ್ಬರಲ್ಲಿಲ್ಲದ ಶಕ್ತಿ ಇನ್ನೊಬ್ಬರಲ್ಲಿದ್ದುದರಿಂದ ಜೋಡಿ ದಶಕಗಳ ಕಾಲ ಉಳಿಯಿತು.

ಸ್ವೀಡನ್ನಿನ ಮಾಯ್ ಶೊವಾಲ್ ಮತ್ತು ಪೆರ್ ವಾಲೊ ದಂಪತಿಯಂತೆ ಬಾಳಿದವರು. 1965ರಿಂದ 1975ರವರೆಗೆ ಅವರು ಬರೆದ ಹತ್ತು ಕಾದಂಬರಿಗಳ ರಚನಾಕ್ರಮ ವಿಶೇಷ ಗಮನಕ್ಕೆ ಅರ್ಹವಾಗಿದೆ. ಮೊದಲು ಇಡೀ ಕಥೆಯ ನಕ್ಷೆಯನ್ನು ಇಬ್ಬರೂ ಕೂಡಿ ಸಿದ್ಧಪಡಿಸಿಕೊಂಡು, ಮಕ್ಕಳು ಮಲಗಿದ ಮೇಲೆ ರಾತ್ರಿ ಕುಳಿತು, ಒಂದು ಅಧ್ಯಾಯವನ್ನು ಒಬ್ಬರು, ಮುಂದಿನದನ್ನು ಇನ್ನೊಬ್ಬರು ಬರೆದು, ಅನಂತರ ಹಾಳೆಗಳನ್ನು ಅದಲುಬದಲು ಮಾಡಿಕೊಂಡು ಪರಸ್ಪರ ತಿದ್ದುತ್ತಿದ್ದರು. ಇಬ್ಬರ ಸ್ವಂತ ಶೈಲಿಯೂ ಅಲ್ಲದ, ಆ ಕೃತಿಗಳಿಗೇ ಒಪ್ಪುವ ಮೂರನೆಯದೊಂದು ಶೈಲಿಯನ್ನು ಅವರು ಬೇಕೆಂದೇ ರೂಪಿಸಿಕೊಂಡಿದ್ದರು. ಸಹಲೇಖಕರಲ್ಲಿ ಇರಲೇಬೇಕಾದ ಗುಣ ಇದು: ತನ್ನ ಮೆಚ್ಚಿನ ವಾಕ್ಯವನ್ನು ಜೊತೆಗಾರರು ಹೊಡೆದುಹಾಕಿದಾಗ, ಅದನ್ನು ತನಗಾದ ಅವಮಾನವೆಂದು ಬಗೆಯದೆ ಕೃತಿಯ ಅಗತ್ಯವೆಂದು ಒಪ್ಪುವ ಮನಸ್ಸು.

ಎರಡು ಧ್ವನಿಗಳನ್ನು ಬೆಸೆಯಲೇಬೇಕೆಂಬ ನಿಯಮವೇನೂ ಇಲ್ಲ. ಹಿಂದಿಯ ರಾಜೇಂದ್ರ ಯಾದವ್ ಮತ್ತು ಮನ್ನೂ ಭಂಡಾರಿ ತಮ್ಮ ‘ಏಕ್ ಇಂಚ್ ಮುಸ್ಕಾನ್’ ಕಾದಂಬರಿಯಲ್ಲಿ ಪುರುಷ ಪಾತ್ರದ ಅಧ್ಯಾಯಗಳನ್ನು ಯಾದವ್ ಅವರೂ, ಸ್ತ್ರೀ ಪಾತ್ರಗಳ ಅಧ್ಯಾಯಗಳನ್ನು ಭಂಡಾರಿಯವರೂ ಬರೆದು, ಧ್ವನಿಗಳ ವ್ಯತ್ಯಾಸವನ್ನೇ ರಚನಾತಂತ್ರವಾಗಿಸಿಕೊಂಡರು. ಇದಕ್ಕೆ ಪ್ರತಿಯಾಗಿ, ಗಂಭೀರ ಗದ್ಯದಲ್ಲಿ ಸಮಾನಾಸಕ್ತರಾಗಿದ್ದ ಇಂಗ್ಲಿಷಿನ ಜೋಸೆಫ್ ಕಾನ್ರಾಡ್ ಮತ್ತು ಫೋರ್ಡ್ ಮ್ಯಾಡಕ್ಸ್ ಫೋರ್ಡ್ ವರ್ಷಗಟ್ಟಲೆ ಶ್ರಮಿಸಿ 1903ರಲ್ಲಿ ಹೊರತಂದ ‘ರೊಮಾನ್ಸ್’ ಕಾದಂಬರಿ, ಇಬ್ಬರೂ ಒಂಟಿಯಾಗಿ ಬರೆದ ಶ್ರೇಷ್ಠ ಕೃತಿಗಳ ಎತ್ತರವನ್ನು ಮುಟ್ಟಲಿಲ್ಲ. ಮುಂದೆ ಸ್ನೇಹವೂ ಮುರಿಯಿತು.

ಆದ್ದರಿಂದ ಸಂಗಾತಿಯನ್ನು ಅರಸುವವರು ಮೊದಲು ತಮ್ಮ ಕೊರತೆಯನ್ನು ಗುರುತಿಸಿಕೊಳ್ಳಬೇಕು. ಸಂಭಾಷಣೆ ಒಲಿದು ಕಥಾಹಂದರ ಕೈಕೊಡುವವರಿಗೆ ಇನ್ನೊಬ್ಬ ಸಂಭಾಷಣಾಕುಶಲರಿಂದ ಹೆಚ್ಚಿನ ಪ್ರಯೋಜನವಿಲ್ಲ. ಕಾದಂಬರಿಗೆ ಕೈಹಾಕುವ ಮೊದಲು ಒಂದು ಸಣ್ಣಕಥೆಯನ್ನು ಕೂಡಿ ಬರೆದು, ಪರಸ್ಪರರ ಕರಡನ್ನು ನಿರ್ದಾಕ್ಷಿಣ್ಯವಾಗಿ ತಿದ್ದಿ ನೋಡುವುದು ಒಳ್ಳೆಯದು. ಭಿನ್ನಾಭಿಪ್ರಾಯ ಬಂದಾಗ ಕೊನೆಯ ಮಾತು ಯಾರದು, ಮುಖಪುಟದಲ್ಲಿ ಹೆಸರುಗಳು ಹೇಗಿರಬೇಕು, ಗೌರವಧನದ ಹಂಚಿಕೆ ಹೇಗೆ ಎಂಬುದನ್ನು, ಗೆಳೆತನ ಎಷ್ಟೇ ಗಾಢವಾಗಿದ್ದರೂ, ಮೊದಲ ಅಧ್ಯಾಯಕ್ಕೆ ಮುನ್ನವೇ ಬರವಣಿಗೆಯಲ್ಲಿ ಇತ್ಯರ್ಥಪಡಿಸಿಕೊಳ್ಳಬೇಕು.