ಅಂಗಳದ ಗಿಡಕ್ಕೂ ಊರಿನ ಲೆಕ್ಕವಿದೆ

ನಿವೃತ್ತನಾಗಿ ಮಡಿಕೇರಿ ಸಮೀಪದ ಹಳ್ಳಿಯಲ್ಲಿ ನೆಲೆಸಿದ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ ಮನೆಯ ಸುತ್ತ ಕಾಮಿನಿ ಗಿಡದ ಬೇಲಿ ಬೆಳೆಸಿದ್ದು. ಕತ್ತರಿಸಿದಷ್ಟೂ ದಟ್ಟವಾಗಿ ಚಿಗುರುವ, ಮಳೆಗಾಲದ ಸಂಜೆ ಬಿಳಿ ಹೂಗಳ ಪರಿಮಳ ಚೆಲ್ಲುವ ಗಿಡವದು. ನಾಲ್ಕು ವರ್ಷಗಳ ನಂತರ ಬೇಲಿಯಾಚೆ ನೆರೆಯವರ ಕಿತ್ತಳೆ ಗಿಡಗಳ ಎಲೆಗಳು ಹಳದಿ ಮಚ್ಚೆಗಟ್ಟಿ, ಕೊಂಬೆಗಳು ತುದಿಯಿಂದ ಒಣಗತೊಡಗಿದವು. ತೋಟಗಾರಿಕೆ ಬಲ್ಲ ಮಿತ್ರರೊಬ್ಬರು ಬಂದು ನೋಡಿದರು. ಅವರು ಮೊದಲು ಪರೀಕ್ಷಿಸಿದ್ದು ಕಿತ್ತಳೆಯನ್ನಲ್ಲ, ನನ್ನ ಬೇಲಿಯ ಎಳೆಯ ಚಿಗುರುಗಳನ್ನು.

ಕಿತ್ತಳೆಯ ‘ಗ್ರೀನಿಂಗ್’ ರೋಗಕ್ಕೆ ಕಾರಣ ಒಂದು ಬ್ಯಾಕ್ಟೀರಿಯಾ. ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಸಿಲ್ಲಿಡ್ ಎಂಬ ಪುಟ್ಟ ಕೀಟ. ಆ ಕೀಟಕ್ಕೆ ನಿಂಬೆ, ಕಿತ್ತಳೆಗಳಷ್ಟೇ ಪ್ರಿಯವಾದ ಆಶ್ರಯ ಅದೇ ಕುಟುಂಬದ ಕಾಮಿನಿ. ಮತ್ತೆ ಮತ್ತೆ ಕತ್ತರಿಸುವ ಬೇಲಿಯಲ್ಲಿ ಎಳೆಯ ಚಿಗುರು ಸದಾ ಇರುವುದರಿಂದ ಕೀಟದ ಸಂತಾನಕ್ಕೆ ಬಿಡುವೇ ಇಲ್ಲ. ನೆರೆಯವರ ಗಿಡಗಳ ಸಾವಿಗೆ ನನ್ನ ಬೇಲಿಯೇ ಕಾರಣವೆಂದು ಯಾರೂ ಸಾಬೀತುಪಡಿಸಲಾರರು. ಆದರೆ ಅದು ನಿರ್ದೋಷಿ ಎಂದು ವಾದಿಸುವ ಧೈರ್ಯ ನನಗಿಲ್ಲ.

ಅಮೆರಿಕದ ಫ್ಲಾರಿಡಾ ರಾಜ್ಯದ ಕಥೆ ಇದಕ್ಕಿಂತ ದೊಡ್ಡದು. ಅಲ್ಲಿ ಈ ಕೀಟ 1998ರಲ್ಲಿ ಮೊದಲು ಪತ್ತೆಯಾದದ್ದು ಹಣ್ಣಿನ ತೋಟದಲ್ಲಲ್ಲ, ಮನೆಯಂಗಳದ ಕಾಮಿನಿ ಗಿಡಗಳಲ್ಲಿ. ಕುಂಡದ ಗಿಡಗಳ ವ್ಯಾಪಾರದ ಜೊತೆ ಅದು ರಾಜ್ಯವಿಡೀ ಹರಡಿತು. 2005ರಲ್ಲಿ ರೋಗವೂ ಕಾಣಿಸಿಕೊಂಡಿತು. 2003-04ರಲ್ಲಿ ಸುಮಾರು 24 ಕೋಟಿ ಪೆಟ್ಟಿಗೆಗಳಷ್ಟಿದ್ದ ಕಿತ್ತಳೆಯ ಇಳುವರಿ 2022-23ರ ವೇಳೆಗೆ 1.6 ಕೋಟಿಗೆ ಕುಸಿಯಿತು. ಇದರಲ್ಲಿ ಚಂಡಮಾರುತಗಳ ಪಾಲೂ ಇದೆ, ನಿಜ. ಆದರೂ ಬುಡ ಕಡಿದದ್ದು ಆ ರೋಗವೇ. ನಮ್ಮಲ್ಲಿ ಈ ಕೀಟ ಹೊಸದೇನಲ್ಲ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಕೊಡಗಿನ ಕಿತ್ತಳೆ ಕಾಫಿ ತೋಟಗಳಿಂದ ಬಹುಮಟ್ಟಿಗೆ ಮಾಯವಾಗುವುದಕ್ಕೆ ಇರುವ ಕಾರಣಗಳಲ್ಲಿ ಈ ರೋಗವೂ ಒಂದು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ‘ಬಾಹ್ಯ ಪರಿಣಾಮ’ ಎಂಬ ಪರಿಕಲ್ಪನೆಯನ್ನು ಕಾರ್ಖಾನೆಯ ಹೊಗೆಯ ಉದಾಹರಣೆಯೊಂದಿಗೆ ಓದಿದ್ದೆ. ಲಾಭ ಒಬ್ಬನದು, ನಷ್ಟ ಊರಿನದು; ಮಾರುಕಟ್ಟೆಯ ಬೆಲೆಯಲ್ಲಿ ಆ ನಷ್ಟ ಕಾಣಿಸುವುದಿಲ್ಲ. ನರ್ಸರಿಯಲ್ಲಿ ಕೊಳ್ಳುವ ಗಿಡಕ್ಕೂ ಈ ತತ್ವ ಅನ್ವಯಿಸುತ್ತದೆಂದು ಹೊಳೆಯಲು ನಾನು ನಿವೃತ್ತನಾಗಬೇಕಾಯಿತು.

ಹಿಂದಿನ ನಿದರ್ಶನಗಳೇನೂ ಕಡಿಮೆಯಿಲ್ಲ. ಇಂದು ನಾಗರಹೊಳೆ, ಬಂಡೀಪುರಗಳಲ್ಲಿ ಹುಲ್ಲನ್ನು ಅಡಗಿಸಿ, ಆನೆ, ಜಿಂಕೆಗಳ ಮೇವನ್ನು ಕಸಿದಿರುವ ಲಂಟಾನ, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವಾಗಿ ಭಾರತಕ್ಕೆ ಬಂದದ್ದು. ಹಳದಿ ಹೂಗೊಂಚಲುಗಳ ಸೆನ್ನಾ ಸ್ಪೆಕ್ಟಾಬಿಲಿಸ್ ಮರವೂ ಅಂದಕ್ಕಾಗಿಯೇ ಬಂದು ಈಗ ಅದೇ ಕಾಡುಗಳನ್ನು ಆಕ್ರಮಿಸುತ್ತಿದೆ. ಕಾಡಿನ ಮೇವು ಕಡಿಮೆಯಾದರೆ ಅದರ ಬೆಲೆ ತೆರುವವರು ತೋಟದಂಚಿನ ಲೈನ್ ಮನೆಗಳ ಕಾರ್ಮಿಕರು. ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ಹೊರಟಾಗ ಆನೆಗೆ ಎದುರಾಗುವವರು ಅವರೇ.

ಹಾಗೆಂದು ‘ಪರದೇಶದ ಗಿಡಗಳೆಲ್ಲ ಕೆಟ್ಟವು’ ಎಂಬ ಸರಳ ತೀರ್ಮಾನಕ್ಕೆ ಬರುವಂತಿಲ್ಲ. ಕೊಡಗಿಗೆ ಅನ್ನ ನೀಡುವ ಕಾಫಿಯೇ ಆಫ್ರಿಕ ಮೂಲದ್ದು. ಪಂದಿ ಕರಿಯ ಖಾರಕ್ಕೆ ಬೀಳುವ ಮೆಣಸಿನಕಾಯಿ ಅಮೆರಿಕದ್ದು. ಕಾಮಿನಿ ನಮ್ಮದೇ ನೆಲದ ಗಿಡ. ಹಲಸೂ ನಮ್ಮದೇ, ಆದರೆ ಆನೆ ಓಡಾಡುವ ಊರಿನಲ್ಲಿ ಮನೆಯ ಪಕ್ಕದಲ್ಲಿ ಹಲಸು ನೆಡುವುದು ಅನಾಹುತಕ್ಕೆ ಆಹ್ವಾನ ಕೊಟ್ಟಂತೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಗಿಡದ ಹುಟ್ಟೂರು ಯಾವುದು ಎಂಬುದಲ್ಲ. ಈ ಜಾಗದಲ್ಲಿ, ಈ ನೆರೆಹೊರೆಯಲ್ಲಿ ಅದು ಏನು ಮಾಡುತ್ತದೆ ಎಂಬುದು.

ಜಾಗದ ಪ್ರಶ್ನೆ ಬಂದಾಗ 2018ರ ಆಗಸ್ಟ್ ತಿಂಗಳನ್ನು ಮರೆಯುವಂತಿಲ್ಲ. ಮಕ್ಕಂದೂರು, ಜೋಡುಪಾಲ ಮುಂತಾದೆಡೆ ಗುಡ್ಡಗಳು ಮನೆ, ತೋಟಗಳೊಂದಿಗೆ ಜಾರಿದವು. ಅತಿವೃಷ್ಟಿಯ ಜೊತೆಗೆ ಇಳಿಜಾರುಗಳನ್ನು ಮನುಷ್ಯರು ಕಡಿದು ಬದಲಿಸಿದ್ದನ್ನೂ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಕಾರಣವಾಗಿ ಗುರುತಿಸಿತು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಅದೇ ಪಾಠವನ್ನು ಪುನರುಚ್ಚರಿಸಿದವು. ಇಷ್ಟಾದರೂ ಇಂದಿಗೂ ಹೋಂಸ್ಟೇಗಳಿಗಾಗಿ ಗುಡ್ಡವನ್ನು ಕಡಿದು ಸಮತಟ್ಟು ಮಾಡಿ, ಹಾಸುಹುಲ್ಲು ಹೊದಿಸಿ, ಅಂಚಿಗೆ ತಾಳೆ ಜಾತಿಯ ಅಲಂಕಾರದ ಗಿಡ ನಿಲ್ಲಿಸುವುದು ನಿಂತಿಲ್ಲ. ಆ ಹುಲ್ಲಿನ ಬೇರು ಮೇಲ್ಮಣ್ಣಿನಿಂದಾಚೆ ಹೆಚ್ಚೇನೂ ಇಳಿಯದು. ಲಾವಂಚದ ಬೇರು ಒಳ್ಳೆಯ ಮಣ್ಣಿನಲ್ಲಿ ಎರಡು-ಮೂರು ಮೀಟರ್ ಇಳಿಯಬಲ್ಲದು. ಆದರೆ ಗಿಡವೊಂದೇ ಗುಡ್ಡವನ್ನು ಹಿಡಿದು ನಿಲ್ಲಿಸುತ್ತದೆಂಬ ಭ್ರಮೆಯೂ ಬೇಡ. ಇಳಿಜಾರನ್ನು ಕಡಿಯದಿರುವುದು, ಮಳೆನೀರಿಗೆ ದಾರಿ ಬಿಡುವುದು ಮೊದಲು. ಗಿಡದ ಆಯ್ಕೆ ಆಮೇಲೆ.

ಇನ್ನು ನಮ್ಮ ಸರ್ಕಾರಿ ವ್ಯವಸ್ಥೆಯ ಪಾಲು. ವನಮಹೋತ್ಸವದ ದಿನ ಬೇಗ ಬೆಳೆಯುತ್ತದೆಂಬ ಒಂದೇ ಕಾರಣಕ್ಕೆ ಅಕೇಶಿಯಾ ನೆಟ್ಟು ಫೋಟೋಗೆ ನಿಂತವರಲ್ಲಿ ನಾನೂ ಒಬ್ಬ. ಅದಕ್ಕಿಂತ ಆಳವಾದ ದೋಷ ಕಾನೂನಿನಲ್ಲಿದೆ. ಕೊಡಗಿನ ಬಾಣೆ ಜಮೀನುಗಳಲ್ಲಿ ಹಲವೆಡೆ ಮರದ ಹಕ್ಕು ಬೆಳೆಸಿದವನದಲ್ಲ, ಸರ್ಕಾರದ್ದು. ಹೊನ್ನೆ, ನಂದಿ ಬೆಳೆಸಿದವನು ಅದನ್ನು ಕಡಿಯಲು ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಆಸ್ಟ್ರೇಲಿಯ ಮೂಲದ ಸಿಲ್ವರ್ ಓಕ್ ಕಡಿಯಲು ಅಂತಹ ಅನುಮತಿ ಬೇಡ. ಅದು ಬೇಗ ಬೆಳೆಯುತ್ತದೆ, ಕಾಳುಮೆಣಸಿನ ಬಳ್ಳಿಗೂ ಆಸರೆಯಾಗುತ್ತದೆ. ಬೆಳೆಗಾರ ಯಾವುದನ್ನು ಆರಿಸಿಕೊಂಡಾನು? ಅವನನ್ನು ದೂಷಿಸುವುದು ಸುಲಭ. ಆದರೆ ನಾವೇ ರೂಪಿಸಿದ ನಿಯಮಕ್ಕೆ ಅವನು ವಿವೇಕದಿಂದಲೇ ಸ್ಪಂದಿಸಿದ್ದಾನೆ.

ಪರಿಹಾರಗಳು ದುಬಾರಿಯಲ್ಲ. ಸ್ವಂತ ಜಮೀನಿನಲ್ಲಿ ನೆಟ್ಟು ನೋಂದಾಯಿಸಿದ ಸ್ಥಳೀಯ ಮರದ ಹಕ್ಕು ಬೆಳೆಸಿದವನದೆಂದು ಕಾನೂನು ಸ್ಪಷ್ಟಪಡಿಸಲಿ. ಅರಣ್ಯ ಮತ್ತು ತೋಟಗಾರಿಕೆ ಇಲಾಖೆಗಳ ಸಸ್ಯಕ್ಷೇತ್ರಗಳಲ್ಲಿ ಸಂಪಿಗೆ, ಅತ್ತಿ, ಕಾಚಂಪುಳಿಯ ಸಸಿಗಳು ಮನೆಯಂಗಳದವರಿಗೂ ಸುಲಭವಾಗಿ ದೊರೆಯಲಿ. ಕಿತ್ತಳೆ ಬೆಳೆಯುವ ಪ್ರದೇಶದಲ್ಲಿ ಕಾಮಿನಿ ಮಾರುವವರು ಅದರ ಅಪಾಯವನ್ನು ಗ್ರಾಹಕರಿಗೆ ತಿಳಿಸುವುದು ಕಡ್ಡಾಯವಾಗಲಿ. ಹೋಂಸ್ಟೇ ನೋಂದಣಿಗೆ ಮುನ್ನ ಕೋಣೆಗಳನ್ನು ಎಣಿಸುವಂತೆ ಕಡಿದ ಇಳಿಜಾರನ್ನೂ ಪರಿಶೀಲಿಸಲಿ. ಚೆಟ್ಟಳ್ಳಿಯಲ್ಲಿ ತೋಟಗಾರಿಕಾ ಪ್ರಯೋಗ ಕೇಂದ್ರವಿದೆ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜಿದೆ. ನಮಗೆ ಕೊರತೆಯಿರುವುದು ತಜ್ಞರದ್ದಲ್ಲ, ಅವರನ್ನು ಕೇಳುವ ಅಭ್ಯಾಸದ್ದು.

ನಮ್ಮ ಹಿರಿಯರ ಅಂಗಳದಲ್ಲಿ ಪ್ರತಿ ಗಿಡಕ್ಕೂ ಒಂದು ಕೆಲಸವಿತ್ತು. ಆಗಸ್ಟ್ 3ರಂದು ಬರುವ ಕಕ್ಕಡ ಹದಿನೆಂಟಕ್ಕೆ ಪಾಯಸ ಮಾಡಲು ಮದ್ದುಸೊಪ್ಪು ಹಿತ್ತಲಿನ ನೆರಳಲ್ಲೇ ಸಿಗುತ್ತಿತ್ತು. ಈ ಸಲ ನಾವದನ್ನು ಪೇಟೆಯಲ್ಲಿ ಹಣ ಕೊಟ್ಟು ತಂದೆವು.

ಕಾಮಿನಿ ಬೇಲಿಯನ್ನು ನಾನು ಕಿತ್ತುಹಾಕಿದ್ದೇನೆ. ಆ ಸಾಲಿನಲ್ಲಿ ದಾಸವಾಳದ ಕಡ್ಡಿಗಳು ಚಿಗುರುತ್ತಿವೆ. ಅದರ ಬುಡದ ತಂಪಿನಲ್ಲಿ ಮದ್ದುಸೊಪ್ಪು ನೆಟ್ಟಿದ್ದೇವೆ. ನೆರೆಯವರು ಹೊಸ ಕಿತ್ತಳೆ ಸಸಿಗಳನ್ನು ತಂದಿದ್ದಾರೆ. ಫಲ ಬಿಡಲು ಐದಾರು ವರ್ಷ ಬೇಕು. ಅಷ್ಟು ಕಾಲ ಬೇಲಿಯ ಈಚೆಗಿರುವ ನನಗೂ ಆ ಸಸಿಗಳ ಹೊಣೆಯಿದೆ.